ಎರಡನೆಯ ಪೋಟ್ಲಿ

"ಲವಂಗ, ಯಾಲಕ್ಕಿ, ದಗಡಫೂಲ, ಪಾನಿನ ಬೇರು, ಲಾವಂಚ, ಗಂಧದ ಚಕ್ಕಿ, ಒಣಾ ಗುಲಾಬಿ ಪಕಳಿ." ಸರ್ದಾರಬಿ ಬೆರಳು ಮಡಚುತ್ತಾ ಹೇಳಿ ನಿಲ್ಲಿಸಿದಳು. "ಇನ್ನೊಂದದ. ಅದನ್ನ ಹೇಳಂಗಿಲ್ಲ."

ಠಾಣೆಯ ಅಮೀನ ಮಚ್ಚೇಂದ್ರ ಲೇಖಣಿ ಕೆಳಗಿಟ್ಟ. "ಹೇಳಂಗಿಲ್ಲ ಅಂದ್ರ?"

"ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ನಿಮ್ಮ ಫಾಶಿ ಹಗ್ಗಕ್ಕ ಮಸಾಲಿ ಹೆಸರು ಬೇಕಾಗಂಗಿಲ್ರಿ ಸಾಹೇಬ. ಕುತ್ತಿಗಿ ಇದ್ರ ಸಾಕು."

ಬಾಗಿಲಲ್ಲಿ ನಿಂತ ಜವಾನ ನಗು ತಡೆಯಲಾರದೆ ಕೆಮ್ಮಿದ. ನಾನೂ ಸೆರಗು ಬಾಯಿಗೆ ಅಡ್ಡ ಹಿಡಿದೆ. ಮೂರು ರಾತ್ರಿ ಠಾಣೆಯ ನೆಲದ ಮೇಲೆ ಮಲಗಿ ಎದ್ದ ಮುದುಕಿಯ ಬಾಯಿ ಇನ್ನೂ ಹೀಗಿದ್ದರೆ, ಇವಳು ಹೆದರುವ ಕುಲದವಳಲ್ಲ.

ಹುಮನಾಬಾದಿನ ಅಜೀಮುದ್ದೀನ್ ಸಾಹೇಬರ ಮಗನ ವಲೀಮಾದ, ಅಂದರೆ ಮದುವೆಯ ಔತಣದ ಬೆಳಿಗ್ಗೆ, ಕಲ್ಯಾಣದಿಂದ ಬಂದ ಸರ್ದಾರಬಿ ರಾತ್ರಿಯಿಡೀ ಬೇಯಿಸಿದ ಮಾಂಸದ ನಹಾರಿಯನ್ನು ಊರೆಲ್ಲ ಉಂಡು ಬೆರಳು ನೆಕ್ಕಿತ್ತು. ಉಂಡವರಲ್ಲಿ ಸತ್ತವನು ಒಬ್ಬನೇ, ಅಜೀಮುದ್ದೀನನ ಅಣ್ಣ ಮೊಹಿನುದ್ದೀನ್.

ನಾನು ದ್ರೌಪತಿ, ಮುಡಬಿಯವಳು. ಪರದೆಯ ಮನೆಗಳೊಳಗೆ ಗಂಡು ಪೊಲೀಸರು ಕಾಲಿಡುವಂತಿಲ್ಲ. ಅಲ್ಲಿ ಝಡತಿ ಮಾಡಲು, ಅಂದರೆ ಪೆಟ್ಟಿಗೆ, ಮಡಿಕೆ, ಬಟ್ಟೆಬರೆ ತಡಕಿ ನೋಡಲು, ಠಾಣೆಯವರು ನನ್ನನ್ನು ಕರೆಯುತ್ತಾರೆ. ನಿಜಾಮರ ಕಾಲದಲ್ಲೂ ಕರೆದರು, ಈಗಲೂ ಕರೆಯುತ್ತಾರೆ. ಸರ್ಕಾರ ಬದಲಾದರೂ ಹೆಂಗಸರ ಪೆಟ್ಟಿಗೆ ತಡಕುವ ಹುಚ್ಚು ಯಾರಿಗೂ ಬಿಟ್ಟಿಲ್ಲ.

ಒಬ್ಬನೇ ಸತ್ತದ್ದು ಹೇಗೆ? ಅದಕ್ಕೆ ಉತ್ತರ ಪೋಟ್ಲಿ. ನಹಾರಿಯ ಹಂಡೆಗೆ ಈ ಮಸಾಲೆಗಳನ್ನು ಬಿಡಿಯಾಗಿ ಸುರಿಯುವುದಿಲ್ಲ. ಮಲಮಲ್ ಬಟ್ಟೆಯಲ್ಲಿ ಗಂಟು ಕಟ್ಟಿ ಮುಳುಗಿಸುತ್ತಾರೆ. ಬೆಂದಾದ ಮೇಲೆ ಆ ಗಂಟನ್ನು ಬೆಳ್ಳಿ ಬಟ್ಟಲಲ್ಲಿಟ್ಟು ಪರದೆಯೊಳಗೆ ಕಳಿಸಬೇಕು. ಮನೆಯ ಹಿರಿಯ ಸೊಸೆ ಅದನ್ನು ಹಿರಿಯ ಗಂಡಸಿನ ತಾಟಿನ ಮೇಲೆ ತನ್ನ ಕೈಯಾರೆ ಹಿಂಡಬೇಕು. ಆ ರಸ ಅವನೊಬ್ಬನ ಮರ್ಯಾದೆ, ಬೇರೆಯವರಿಗೆ ಸಿಗುವುದಿಲ್ಲ.

ಮೊಹಿನುದ್ದೀನನಿಗೆ ಆ ಮರ್ಯಾದೆ ಸಿಕ್ಕಿತು. ಸಂಜೆಯೊಳಗೆ ಅವನ ಕಣ್ಣಿನ ಪಾಪೆ ಅಗಲವಾಯಿತು, ನಾಲಿಗೆ ಒಣಗಿತು, ಗೋಡೆಯ ಜೊತೆ ಮಾತಾಡುತ್ತಾ ಪ್ರಾಣ ಬಿಟ್ಟ. ಉಮ್ಮತ್ತಿ ಬೀಜ ಎಂದರು ದವಾಖಾನೆಯ ಡಾಕ್ಟರು. ತಾಟಿನ ಪಕ್ಕದಲ್ಲಿದ್ದ ಪೋಟ್ಲಿಯನ್ನು ಅಮೀನ ಅಲ್ಲೇ ಜಪ್ತಿ ಮಾಡಿ, ಅರಗಿನ ಮುದ್ರೆ ಒತ್ತಿ, ಕಪಾಟಿನಲ್ಲಿಟ್ಟ. ಪೋಟ್ಲಿ ಕಟ್ಟಿದವಳು ಸರ್ದಾರಬಿ. ಮತ್ತೇನು ಬೇಕು?

"ಅದು ನನ್ನ ಪೋಟ್ಲಿ ಅಲ್ಲ. ಬಿಚ್ಚಿದ್ರ ತಿಳೀತದ," ಎಂದು ಅವಳು ಮೊದಲ ದಿನದಿಂದ ಹೇಳುತ್ತಿದ್ದಳು.

"ಹ್ಯಾಂಗ ತಿಳೀತದ?"

"ಅದನ್ನ ಹೇಳಂಗಿಲ್ಲ."

ಮಚ್ಚೇಂದ್ರ ಕೆಟ್ಟವನಲ್ಲ, ಅವಸರದವನು. ಹೊಸ ಅಮೀನ, ಹೊಸ ಟೋಪಿ. "ಇವತ್ತ ಮಧ್ಯಾಹ್ನ ಪಂಚರ ಮುಂದ ಬಿಚ್ಚಿ ಪಂಚನಾಮೆ ಮಾಡ್ತೀನಿ," ಎಂದು ಎದ್ದ. "ಸಂಜಿಗೆ ಲಾರಿ ಬೀದರಕ್ಕ ಹೋಗ್ತದ. ಆಕೀನೂ ಹೋಗ್ತಾಳ. ದ್ರೌಪತಾಬಾಯಿ, ಕಲ್ಯಾಣದ ಝಡತಿಯೊಳಗ ಏನರೆ ಸಿಕ್ಕಿತೇನು?"

"ಸಿಕ್ಕದ್ದನ್ನ ಪಂಚರ ಮುಂದ ಇಡ್ತೀನ್ರಿ ಸಾಹೇಬ್ರ. ಹಿಂದಿಂದ ಇಟ್ರ, ನೀನೇ ತಂದಿಟ್ಟಿ ಅಂತಾರ ದೊಡ್ಡ ಮಂದಿ."

ಅವನು ಹುಬ್ಬು ಗಂಟಿಕ್ಕಿದ. ನಾನು ಸೊಂಟದ ಸಂಚಿಯನ್ನು ಸೆರಗಿನಿಂದ ಮುಚ್ಚಿದೆ. ಸಿಕ್ಕದ್ದು ಅದರೊಳಗಿತ್ತು.

*

ಹಿಂದಿನ ದಿನ ರಾಜೇಶ್ವರದ ಮೇಲೆ ಹಾದು ಹೋಗುವ ಮೋಟಾರು ಹಿಡಿದು ಕಲ್ಯಾಣಕ್ಕೆ ಹೋಗಿದ್ದೆ. ಕೋಟೆಯ ಬೆನ್ನಿಗೆ ಆತುಕೊಂಡ ಎರಡು ಕೋಣೆಯ ಮನೆ. ಸರ್ದಾರಬಿಯ ಸೊಸೆ ಕುಲ್ಸುಮ್ ಬೀ ಒಬ್ಬಳೇ ಇದ್ದಳು. ನಾನು ಪೆಟ್ಟಿಗೆ ತೆಗೆಸಿದೆ, ಮಡಿಕೆ ಬೋರಲು ಹಾಕಿದೆ. ಎಲ್ಲ ಮುಗಿದ ಮೇಲೆ ತಾಟು ತಂದು ನನ್ನ ಮುಂದೆ ಇಟ್ಟಳು.

"ಊಟ ಮಾಡ್ರಿ ಬಾಯಿ. ಹಸಕೊಂಡು ಝಡತಿ ಮಾಡಿದ್ರ ಕಣ್ಣು ಸರಿ ಕಾಣಂಗಿಲ್ಲ."

ಜೋಳದ ರೊಟ್ಟಿ, ತೊಗರಿ ಬೇಳೆ. ನಮ್ಮ ಕೇರಿಯವರ ಮುಂದೆ ತಾಟು ಇಡುವ ಮನೆಗಳು ಕಡಿಮೆ. ಇಟ್ಟ ಮನೆಯಲ್ಲಿ ನಾನು ಬೇಡ ಎನ್ನುವುದಿಲ್ಲ. ಒಂದು ತುತ್ತು ಬಾಯಿಗಿಟ್ಟೆ. ಕೈ ಅಲ್ಲೇ ನಿಂತಿತು.

ಬಡವರ ಮನೆಯ ಬೇಳೆಯಲ್ಲಿ ಗಂಧದ ಚಕ್ಕೆ ಎಲ್ಲಿಂದ ಬಂತು? ಗುಲಾಬಿ ಎಲ್ಲಿಂದ ಬಂತು? ಅದರ ಹಿಂದೆ ಇನ್ನೊಂದು ವಾಸನೆ, ಮಂದವಾಗಿ, ಸಿಹಿಯಾಗಿ, ಸ್ವಲ್ಪ ಅಮಲಾಗಿ. ನನ್ನ ಬಾಲ್ಯವೇ ಬಾಯಿಗೆ ಬಂದ ಹಾಗಾಯಿತು.

ತಲೆ ಎತ್ತಿ ನೋಡಿದೆ. ಒಲೆಯ ಮೇಲಿನ ಗೂಟಕ್ಕೆ, ಅರಿಸಿನ ಬಣ್ಣಕ್ಕೆ ತಿರುಗಿದ ಮಲಮಲ್ ಗಂಟೊಂದು ತೂಗುತ್ತಿತ್ತು.

"ಅದೇನು?"

"ಪೋಟ್ಲಿ," ಎಂದಳು ಕುಲ್ಸುಮ್, ಕೇಳುವ ಮಾತೇ ಇದು ಎನ್ನುವಂತೆ. "ವಲೀಮಾದ್ದು. ಹಿಂಡಿದ ಮ್ಯಾಲೆ ಪೋಟ್ಲಿ ಅಡಗಿ ಮಾಡಿದವರ ಹಕ್ಕಲ್ರಿ? ನಾವು ಅದನ್ನ ಮತ್ತ ಬ್ಯಾಳ್ಯಾಗ ಕುದಸ್ತೀವಿ. ವಾರ ತನಕ ವಾಸನಿ ಬಿಡ್ತದ."

"ನಿಮ್ಮ ಅತ್ತಿ ಅಲ್ಲೇ ಠಾಣಾದಾಗ ಕುಂತಾಳಲ್ಲ. ಇದನ್ನ ತಂದವರು ಯಾರು?"

"ನಾನೇ. ಬಟ್ಟಲ ಒಯ್ದು ಪರದಾದ ಕಡೆ ಕೊಟ್ಟವಳೂ ನಾನೇ. ಸ್ವಲ್ಪ ಹೊತ್ತಿಗೆ ಒಳಗಿಂದ ಬೇಗಂ ಸಾಹೇಬರ ಕೈ ಬಂತು, ಪೋಟ್ಲಿ ಕೊಡ್ತು. ಸೆರಗಿನಾಗ ಕಟಗೊಂಡೆ."

ಹಂಡೆಯಲ್ಲಿ ಬೆಂದದ್ದು ಒಂದೇ ಪೋಟ್ಲಿ. ಒಂದು ಅಮೀನನ ಕಪಾಟಿನಲ್ಲಿದೆ. ಒಂದು ಇಲ್ಲಿ ಗೂಟಕ್ಕೆ ತೂಗುತ್ತಿದೆ. ಇದನ್ನು ಕುದಿಸಿದ ಬೇಳೆಯನ್ನು ಈ ಹೆಂಗಸು ದಿನವೂ ಉಣ್ಣುತ್ತಿದ್ದಾಳೆ, ಈಗ ನಾನೂ ಉಂಡೆ, ಇಬ್ಬರೂ ಗಟ್ಟಿಯಾಗಿದ್ದೇವೆ. ಹಾಗಾದರೆ ಕಪಾಟಿನಲ್ಲಿರುವುದು ಎರಡನೆಯ ಪೋಟ್ಲಿ. ಪರದೆಯ ಆಚೆಯೋ ಈಚೆಯೋ ಯಾರೋ ಅದಲು ಬದಲು ಮಾಡಿದ್ದಾರೆ.

ಕೊಂದವರು ಅಸಲಿ ಪೋಟ್ಲಿಯನ್ನು ಒಲೆಗೆ ಎಸೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎಸೆಯಲಿಲ್ಲ. ಬೆಂದ ಪೋಟ್ಲಿಯನ್ನು ಎಸೆಯುವ ಕೈ ಈ ಸೀಮೆಯ ಅಡುಗೆಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ನಾನು ಅದನ್ನು ಇಳಿಸಿ ಬಿಚ್ಚಿದೆ. ಸರ್ದಾರಬಿ ಬೆರಳು ಮಡಚಿ ಎಣಿಸಿದ್ದೆಲ್ಲ ಇತ್ತು. ತಳದಲ್ಲಿ ಸುಕ್ಕುಗಟ್ಟಿದ, ಕಪ್ಪಗಿನ, ಒಂದೇ ಒಂದು ಇಪ್ಪೆ ಹೂವು.

ಬೇಸಿಗೆಯಲ್ಲಿ ಕಾಡಿನ ಅಂಚಿನ ಇಪ್ಪೆ ಮರಗಳು ಹೂ ಸುರಿಸಿದಾಗ ನಮ್ಮ ಮುಡಬಿಯ ಕೇರಿಯವರು ಆರಿಸಿ ಒಣಗಿಸಿ ಇಡುತ್ತಿದ್ದೆವು. ಹಿಟ್ಟಿಗೆ ಕಲಸಿದರೆ ಸಿಹಿ ರೊಟ್ಟಿ. ಬೆಲ್ಲ ಕಾಣದವರ ಬೆಲ್ಲ ಅದು. ಆದರೆ ಊರ ಕಣ್ಣಿಗೆ ಅದು ಸೆರೆ ಇಳಿಸುವ ಹೂವು. ಆಬ್ಕಾರಿಯವರು ಮನೆಯಲ್ಲಿ ಕಂಡರೆ ಕೇಸು ಹಾಕುತ್ತಾರೆ. ಸೆರೆಯ ಹೂವನ್ನು ವಲೀಮಾದ ನಹಾರಿಗೆ ಹಾಕುತ್ತಾಳೆ ಎಂದು ಗೊತ್ತಾದರೆ, ಹುಮನಾಬಾದಿನಿಂದ ಕಲ್ಯಾಣದವರೆಗೆ ಯಾವ ಮುಸಲ್ಮಾನರ ಮನೆಯ ಹಂಡೆಯನ್ನೂ ಸರ್ದಾರಬಿ ಮತ್ತೆ ಮುಟ್ಟುವಂತಿಲ್ಲ. ಜನ ಬೆರಳು ನೆಕ್ಕಿದ್ದು ಆ ಹೂವಿನಿಂದಲೇ, ಉಗಿಯುವುದೂ ಅದಕ್ಕೇ.

"ಈ ಹೂ ಯಾವುದು, ಗೊತ್ತೇನು?" ಎಂದೆ.

"ನನಗ್ಯಾಕ ಗೊತ್ತಿರ್ತದ್ರಿ? ಅಮ್ಮ ಬೆನ್ನು ತಿರಿಗಿಸಿ ಕಟ್ತಾರ," ಎಂದು ಕುಲ್ಸುಮ್ ತಾಟು ಎತ್ತಿಕೊಂಡು ಹೋದಳು. ನಾನಿನ್ನೂ ಉಣ್ಣುತ್ತಿದ್ದೆ. ಅದನ್ನು ಆಗ ಯೋಚಿಸಲಿಲ್ಲ.

ಹೊರಡುವಾಗ ಅವಳನ್ನು ದಿಟ್ಟಿಸಿ ಕೇಳಿದೆ. "ನಿನ್ನ ಗಂಡ ಎಲ್ಲಿ?"

"ಹೋದ ವರ್ಷ ನಿಜಾಮನ ರಾಜ್ಯ ಬಿದ್ದಾಗಿನ ಗದ್ದಲದಾಗ ಹೋದ್ರು. ಮೊಹಿನುದ್ದೀನ್ ಸಾಹೇಬರ ಬಂಡಿ ಹೊಡೀತಿದ್ರು. ಬೆನ್ನ ಹತ್ತಿದ ಮಂದಿಗೆ ಅಂಜಿ ಅವರ ಬಾಗಲಾ ಬಡದ್ರಂತ. ಸಾಹೇಬರು ಅಗಳಿ ತೆಗೀಲಿಲ್ಲ." ಅವಳ ದನಿಯಲ್ಲಿ ಅಳು ಇರಲಿಲ್ಲ. "ಹೆಣ ಸಿಗಲಿಲ್ಲ. ನಾ ಬಳಿ ಒಡೆದಿಲ್ಲ. ಒಡಿಯಂಗಿಲ್ಲ."

ಅವಳ ಮುಂಗೈಯಲ್ಲಿ ಹಸಿರು ಬಳೆಗಳಿದ್ದವು. ನಾಳೆ ಠಾಣೆಗೆ ಬಂದು ಪರದೆಯ ಮಾತು ಹೇಳು ಎಂದೆ. ಬರುತ್ತೇನೆ ಎಂದಳು.

ಸಂಜೆ ಹುಮನಾಬಾದಿಗೆ ಬಂದವಳೇ ಸತ್ತವನ ಹೆಂಡತಿ ಖುರ್ಷೀದ್ ಬೇಗಂಳ ಕೋಣೆಗೆ ಹೋದೆ. ಗಂಡ ಸತ್ತ ಹೆಂಗಸು, ಬಿಳಿ ಓಢಣಿ, ಜಪದ ತಸ್‌ಬೀಹ್ ಸರ ಕೈಯಲ್ಲಿ.

"ಬಟ್ಟಲದಾಗ ಬಂದದ್ದನ್ನ ಹಿಂಡಿದೆ. ಪೋಟ್ಲಿ ಅಲ್ಲೇ ಇಟ್ಟೆ. ನಾ ಯಾರ ಕೈಯಾಗೂ ಏನೂ ಕೊಟ್ಟಿಲ್ಲ," ಎಂದಳು.

"ಪರದಾದ ಆಚೆ ಕೈ ಚಾಚಿಲ್ಲೇನ್ರಿ?"

"ನಾ ಅಡಗಿಯವರ ಕೈ ಮುಟ್ಟೋದಿಲ್ಲ."

ಅಷ್ಟು ಸಾಕಾಯಿತು ನನಗೆ. ಇಬ್ಬರಲ್ಲಿ ಒಬ್ಬಳು ಸುಳ್ಳಾಡುತ್ತಿದ್ದಾಳೆ. ಒಬ್ಬಳು ನನಗೆ ಊಟ ಹಾಕಿದವಳು, ಇನ್ನೊಬ್ಬಳು ಕೈ ಮುಟ್ಟೋದಿಲ್ಲ ಎಂದವಳು. ಯಾರು ಸುಳ್ಳುಗಾತಿ ಎಂದು ನಾನು ಮೆಟ್ಟಿಲು ಇಳಿಯುವಾಗಲೇ ತೀರ್ಮಾನ ಮಾಡಿಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಸಿಟ್ಟಿನ ಕಣ್ಣಿಗೆ ದೊಡ್ಡ ಮನೆಯವರೆಲ್ಲ ಕಳ್ಳರೇ.

*

ಅಮೀನ ಪಂಚರನ್ನು ಕರೆಯಲು ಕಳಿಸಿದಾಗ ನಾನು ಸರ್ದಾರಬಿಯ ಕೋಣೆಗೆ ಹೋಗಿ ಪಕ್ಕದಲ್ಲಿ ಕೂತೆ. ಕಿವಿಯ ಹತ್ತಿರ ಬಾಯಿಟ್ಟು ಎರಡೇ ಶಬ್ದ ಹೇಳಿದೆ.

"ಇಪ್ಪಿ ಹೂ."

ಅವಳು ನನ್ನ ಮುಂಗೈ ಹಿಡಿದಳು. ಉಗುರು ಊರಿತು. "ಆ ಹೆಸರು ಅಜೀಮುದ್ದೀನನ ಕಿವಿಗೆ ಬಿದ್ರ ನಾ ಇವತ್ತೇ ಸತ್ತೆ, ಬೇಟಿ. ಫಾಶಿಗೆ ಹೋದ್ರ ಒಬ್ಬಾಕಿ ಸಾಯ್ತೀನಿ. ಈ ಹೆಸರು ಹೊರಗ ಬಂದ್ರ ನನ್ನ ಕೈ ಸಾಯ್ತದ."

"ಹೇಳಂಗಿಲ್ಲ ಖಾಲಾ. ಮುಡಬಿಯಾಕಿ ಆಣಿ ಮಾಡಿ ಹೇಳ್ತೀನಿ. ಕಪಾಟಿನ್ಯಾಗಿಂದು ನಿಮ್ಮ ಪೋಟ್ಲಿ ಅಲ್ಲ ಅಂತ ನಿಮಗ ಹ್ಯಾಂಗ ಗೊತ್ತು?"

"ಅದರಾಗ ಆ ಹೂ ಇರಂಗಿಲ್ಲ. ಗೊತ್ತಿದ್ದವರು ಇಬ್ಬರೇ. ನಾ ಒಬ್ಬಾಕಿ. ಇನ್ನೊಬ್ಬ ಆರಿಸಿ ತರ್ತಿದ್ದ ನನ್ನ ಮಗ ಕಾಸಿಂ." ಅವಳ ಹಿಡಿತ ಸಡಿಲವಾಯಿತು. "ಮಂದಿ ನೆಲದ ಮ್ಯಾಲೆ ಹರವಿ ಒಣಗಸ್ತಾರ, ಉಸುಕು ಹತ್ತತದ. ಅವ ಹಂಗಲ್ಲ. ಒಂದೊಂದು ಹೂವಿಗೂ ಸೂಜಿ ಅಡ್ಡ ಚುಚ್ಚಿ, ದಾರಕ್ಕ ಪೋಣಿಸಿ, ತೊಲಿಗೆ ಕಟ್ತಿದ್ದ. ಹೆಣ್ಣಮಕ್ಕಳ ಕೆಲಸ ಮಾಡ್ತಾನ ಅಂತ ಗೆಳೆಯರು ನಗ್ತಿದ್ರು. ನಗಲಿ ಬಿಡು ಅಮ್ಮಾ, ಅಂತಿದ್ದ."

ನಾನು ಸಂಚಿಯೊಳಗಿನ ಹೂವನ್ನು ನೆನೆಸಿಕೊಂಡೆ. ಹೌದು, ಅಡ್ಡಕ್ಕೆ ಒಂದು ತೂತಿತ್ತು. ಹುಳ ಕೊರೆದದ್ದು ಎಂದುಕೊಂಡಿದ್ದೆ.

"ಅವನ ಕಡೀ ಸರ ಅದು. ಒಂದೊಂದ ತೆಗೆದು ಹಾಕ್ತಾ ಹಾಕ್ತಾ, ಒಂದೇ ಹೂ ಉಳದಿತ್ತು. ಈ ವಲೀಮಾಕ್ಕ ಹಾಕ್ದೆ."

"ಬಾಗಲಾ ತೆಗೀಲಾರದವನ ಮನಿ ನಹಾರಿಗೆ?"

"ಅವನ ತಾಟಿಗೇ!" ಅವಳ ದನಿ ಏರಿತು. ಹೊರಗಿನ ಜವಾನ ಇಣುಕಿದ. ಅವಳಿಗೆ ಲಕ್ಷ್ಯವಿಲ್ಲ. "ಬ್ಯಾಡ ಅನ್ನಬಹುದಿತ್ತು ನಾ. ಅನ್ನಲಿಲ್ಲ. ನನ್ನ ಮಗನ ಕೈಯ ಕಡೀ ಹೂವಿನ ರಸ ಅವನ ಬಾಯಿಗೆ ಬೀಳಬೇಕಿತ್ತು. ಜಲ್ಮ ಇರೂತನ ಅವ ನನ್ನ ಉಪ್ಪಿನ ಋಣದಾಗ ತಲಿ ತಗ್ಗಿಸಿ ಅಡ್ಡಾಡಬೇಕಿತ್ತು. ಸತ್ತವ ತಲಿ ತಗ್ಗಸ್ತಾನೇನು? ಅವನ್ನ ಕೊಂದವರು ನನ್ನ ಸೇಡನ್ನೂ ಕೊಂದ್ರು."

ಈ ಮಾತನ್ನು ನಂಬದೆ ಇರುವುದು ನನ್ನಿಂದಾಗಲಿಲ್ಲ. "ಮಧ್ಯಾಹ್ನ ನಿಮ್ಮನ್ನ ಮನಿಗೆ ಕಳಸ್ತೀನಿ ಖಾಲಾ," ಎಂದೆ. ಎದ್ದು ಬರುವಾಗ ನನ್ನ ಹೆಜ್ಜೆಯಲ್ಲಿ ಜಂಭವಿತ್ತು, ಸುಳ್ಳು ಹೇಳುವುದಿಲ್ಲ.

*

ಠಾಣೆಯ ಪಡಸಾಲೆಯಲ್ಲಿ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ. ಅಜೀಮುದ್ದೀನ್ ಸಾಹೇಬರು ಶೇರ್ವಾನಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಹುಡಗಿ ಎಂಬ ಊರಿನ ಪಟೇಲ ಎರಡನೆಯ ಪಂಚ. ಸರ್ದಾರಬಿಯನ್ನು ಕಂಬದ ಪಕ್ಕ ನಿಲ್ಲಿಸಿದ್ದರು. ಕುಲ್ಸುಮ್ ಬುರ್ಖಾದ ಮುಸುಕು ಮೇಲೆತ್ತಿ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು.

"ಇದೆಲ್ಲ ತಮಾಷಾ ಯಾಕ್ರಿ ಅಮೀನ್ ಸಾಬ್?" ಎಂದರು ಅಜೀಮುದ್ದೀನ್. "ಕಟ್ಟಿದಾಕಿ ಈಕಿ. ಲಾರಿಗೆ ಹಾಕ್ರಿ, ಮುಗೀತು."

"ನಿಮ್ಮ ಮನ್ಯಾಗ ಉಂಡ ಮಂದಿ ಇನ್ನೂ ಬದುಕ್ಯಾರಲ್ರಿ ಸಾಹೇಬ. ಅದಕ್ಕಾಗಿ," ಎಂದೆ ನಾನು.

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಮೀನ ಅರಗು ಒಡೆದ. ಗಂಟು ಬಿಚ್ಚಿದ. ನಾನು ಒಂದೊಂದನ್ನೇ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟೆ. ಲವಂಗ. ಯಾಲಕ್ಕಿ. ಕಪ್ಪು ಚಿಂದಿಯಂಥ ದಗಡಫೂಲ. ಪಾನಿನ ಬೇರು. ಲಾವಂಚ. ಎಲ್ಲದಕ್ಕೂ ಅಂಟಿಕೊಂಡ ಉಮ್ಮತ್ತಿ ಬೀಜದ ಹಿಟ್ಟು. ಪಟೇಲ ಮೂಗು ಮುಚ್ಚಿಕೊಂಡ.

ಇನ್ನು ಗಂಧ, ಗುಲಾಬಿ, ಅಷ್ಟೇ. ಆಮೇಲೆ ನನ್ನ ಸಂಚಿಯಿಂದ ಅಸಲಿ ಪೋಟ್ಲಿ ತೆಗೆಯುತ್ತೇನೆ, ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ ಎಂದು ತೋರಿಸುತ್ತೇನೆ, ಹೆಸರು ಹೇಳದೆ. ಅಜೀಮುದ್ದೀನರ ಮುಖ ಆಗ ನೋಡಬೇಕು ಎಂದುಕೊಳ್ಳುತ್ತಾ ಬೆರಳು ತಳಕ್ಕಿಳಿಸಿದೆ.

ಮೆತ್ತಗಿನದೇನೋ ತಾಗಿತು.

ತೆಗೆದೆ. ಇನ್ನೊಂದು ಬಂತು. ಮತ್ತೊಂದು. ಒಂದು ಹಿಡಿಯಷ್ಟು ಬಂದವು.

"ಕಿಸ್ಮಿಸ್," ಎಂದರು ಅಜೀಮುದ್ದೀನ್.

ಕಿಸ್ಮಿಸ್ ಅಲ್ಲ. ಇಪ್ಪೆ ಹೂವು. ಹಳೆಯ ಕಪ್ಪು ಹೂವಲ್ಲ. ಈ ಬೇಸಿಗೆಯವು, ಕಂದು ಬಣ್ಣದವು, ತಿರುಳು ತುಂಬಿದವು. ಒಂದನ್ನು ಬೆಳಕಿಗೆ ಹಿಡಿದೆ. ಅಡ್ಡಕ್ಕೆ ಸೂಜಿಯ ತೂತು. ಇನ್ನೊಂದನ್ನು ಹಿಡಿದೆ. ಅದಕ್ಕೂ ತೂತು. ಒಂದರ ತೂತಿನಲ್ಲಿ ದಾರದ ಎಳೆ ಇನ್ನೂ ಸಿಕ್ಕಿಕೊಂಡಿತ್ತು.

ಸತ್ತವರು ಹೂವು ಪೋಣಿಸುವುದಿಲ್ಲ.

ನಾನು ತಲೆ ಎತ್ತಿದಾಗ ಸರ್ದಾರಬಿ ಮೇಜಿನ ಹತ್ತಿರ ಬಂದು ನಿಂತಿದ್ದಳು. ಅವಳು ನನ್ನ ಬೆರಳ ನಡುವಿನ ಹೂವನ್ನೇ ನೋಡುತ್ತಿದ್ದಳು. ಆ ಮುಖ ನಾನು ಸಾಯುವವರೆಗೆ ಮರೆಯುವುದಿಲ್ಲ. ಹಸಿದವರ ಮುಂದೆ ತಾಟು ಬಂದಾಗ ಮುಖ ಹೇಗಾಗುತ್ತದೆ, ಹಾಗಾಗಿತ್ತು. ಸಂತೋಷ, ಬರೀ ಸಂತೋಷ. ವರ್ಷದ ಮೇಲೆ ಮಗನ ಕೈಕೆಲಸ ಕಂಡಿದ್ದಳು.

ಆಮೇಲೆ ಅವಳಿಗೆ ಅರ್ಥವಾಯಿತು, ಅದು ಯಾವ ಗಂಟಿನಿಂದ ಬಂತೆಂದು. ಸಂತೋಷ ಅಳಿಯಲಿಲ್ಲ. ಅದರ ಮೇಲೆಯೇ ಹಠ ಬಂದು ಕೂತಿತು.

"ನಂದು," ಎಂದಳು.

"ಏನು?" ಎಂದ ಅಮೀನ.

"ಆ ಪೋಟ್ಲಿ ನಂದೇರಿ. ಇಷ್ಟು ದಿನ ಸುಳ್ಳು ಹೇಳ್ದೆ. ಉಮ್ಮತ್ತಿ ನಾನ ಅರದೀನಿ, ನಾನ ಕಟ್ಟೀನಿ. ನನ್ನ ಮಗನಿಗೆ ಬಾಗಲಾ ಹಾಕಿದ್ದ, ಕೊಂದೆ. ಬರಕೋರಿ. ಲಾರಿ ಎಲ್ಲದ?"

"ಖಾಲಾ!" ಎಂದೆ.

"ನೀ ಸುಮ್ಮಕಿರು ಬೇಟಿ." ಅವಳ ಕಣ್ಣು ಒಂದು ಕ್ಷಣ ನನ್ನ ಸೊಂಟದ ಸಂಚಿಯ ಮೇಲೆ ನಿಂತಿತು. ಬೇಡ ಎಂದಿತು. ಆಜ್ಞೆ ಅದು, ಬೇಡಿಕೆಯಲ್ಲ.

ಅಜೀಮುದ್ದೀನ್ ಎದ್ದು ಶೇರ್ವಾನಿ ಕೊಡವಿಕೊಂಡರು. ಅಮೀನ ಪಂಚನಾಮೆಯ ಕಾಗದಕ್ಕೆ ನಾಲ್ಕು ಸಾಲು ಗೀಚಿ, ಮಸಿಯ ಡಬ್ಬಿಯನ್ನು ನನ್ನ ಮುಂದೆ ಸರಿಸಿದ. "ಹೆಬ್ಬೆಟ್ಟು ಒತ್ತು ದ್ರೌಪತಾಬಾಯಿ. ಝಡತಿಯೊಳಗ ಏನೂ ಸಿಗಲಿಲ್ಲ ಅಂತ ಬರದೀನಿ."

ಒತ್ತಿದರೆ ನಿರಪರಾಧಿ ಮುದುಕಿ ಹಗ್ಗಕ್ಕೆ ಹೋಗುತ್ತಾಳೆ. ಸಂಚಿ ಬಿಚ್ಚಿದರೆ ಅದಲು ಬದಲಿನ ಗುಟ್ಟು ಹೊರಬಿದ್ದು, ಬದುಕಿರುವ ಅವಳ ಮಗನ ಬೆನ್ನಿಗೆ ಮತ್ತೆ ಮಂದಿ ಹತ್ತುತ್ತಾರೆ, ಈ ಸಲ ಬಂದೂಕು ಹಿಡಿದು. ಅವನೇ ಕೊಂದನೋ, ಅವನ ಹೂವನ್ನು ಬೇರೆ ಯಾರೋ ಬಳಸಿದರೋ, ಅದನ್ನು ಕೇಳುವ ವ್ಯವಧಾನ ಯಾರಿಗಿದೆ?

"ಒತ್ತಂಗಿಲ್ರಿ," ಎಂದೆ.

"ಏನಂದಿ?"

"ನಿಜಾಮನ ಕಾಲದಾಗೂ ನಾ ಸುಳ್ಳಿಗೆ ಹೆಬ್ಬೆಟ್ಟು ಒತ್ತಿಲ್ಲ. ಈಗೂ ಒತ್ತಂಗಿಲ್ಲ."

"ಅಮೀನ್ ಸಾಬ್," ಅಜೀಮುದ್ದೀನ್ ಮೊದಲ ಸಲ ನನ್ನನ್ನು ದಿಟ್ಟಿಸಿದರು, "ಆ ಬಾಯಿಯ ಕೈ ಆಗಿಂದ ಸೊಂಟದ ಮ್ಯಾಲೇ ಯಾಕದ?"

ನಾನು ಕೈ ತೆಗೆದೆ. ತಡವಾಗಿತ್ತು.

"ಸಂಚಿ ಬಿಚ್ಚು," ಎಂದ ಮಚ್ಚೇಂದ್ರ.

"ಬಿಚ್ಚಂಗಿಲ್ಲ. ಹೆಣ್ಣಿನ ಮೈ ಮುಟ್ಟಿ ಝಡತಿ ಮಾಡೋ ಹಕ್ಕು ನಿಮಗಿಲ್ಲ. ಮಾಡಾಕಿ ನಾ ಒಬ್ಬಾಕೀನೇ. ನನ್ನ ಝಡತಿ ಯಾರು ಮಾಡ್ತಾರ, ಹೇಳ್ರಿ ನೋಡೂಣು!"

ಅಮೀನ ಕೆಂಪಾದ. ಸುತ್ತ ನೋಡಿದ. ಅವನ ಕಣ್ಣು ಮೆಟ್ಟಿಲ ಮೇಲೆ ನಿಂತಿತು.

"ಏ ಕುಲ್ಸುಮ್ ಬೀ. ಬಾ ಇಲ್ಲಿ. ಈಕೀ ಸಂಚ್ಯಾಗ ಏನದ ತೆಗಿ."

ಅವಳು ಎದ್ದು ಬಂದಳು. ಅವಸರವಿಲ್ಲ, ಅಂಜಿಕೆಯಿಲ್ಲ. ನನ್ನ ಎದುರು ನಿಂತು ಸಂಚಿಯೊಳಗೆ ಕೈ ಹಾಕಿದಳು. ಅವಳ ಬೆರಳು ಒದ್ದೆ ಮಲಮಲ್‌ಗೆ ತಾಗಿದ್ದು ನನಗೆ ಗೊತ್ತಾಯಿತು. ನಾನು ಅವಳ ಕಿವಿಗೆ ಮಾತ್ರ ಕೇಳುವಂತೆ ಹೇಳಿದೆ. "ಏನೂ ಇಲ್ಲ ಅನ್ನು."

ಕಂಬದ ಹತ್ತಿರದಿಂದ ಸರ್ದಾರಬಿ ಕೂಗಿದಳು. "ಕುಲ್ಸುಮ್! ನನ್ನ ಮಾತು ಮೀರಿದಿ ಅಂದ್ರ ನೀ ನನ್ನ ಸೊಸಿ ಅಲ್ಲ!"

ಕುಲ್ಸುಮ್ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಪೋಟ್ಲಿಯನ್ನು ಹೊರಗೆಳೆದು, ಬಿಳಿ ಬಟ್ಟೆಯ ಮೇಲೆ, ಮೊದಲನೆಯದರ ಪಕ್ಕದಲ್ಲಿ ಇಟ್ಟಳು. ಹಸಿರು ಬಳೆಗಳು ಮೇಜಿಗೆ ಬಡಿದು ಸದ್ದು ಮಾಡಿದವು.

"ಸಾಹೇಬ್ರ, ಇದು ನಮ್ಮ ಅಮ್ಮಂದು," ಎಂದಳು. ಬೆರಳು ಉಮ್ಮತ್ತಿಯ ಗಂಟಿನ ಕಡೆ ತಿರುಗಿತು. "ಅದು ನಂದು."